ಹಿತ್ತಿಲಿಗೆ ಹೊಸ ಕೋಳಿ ಬಂದಾಗ



ಇಂದು ನಿಮ್ಮೊಡನೆ ಕೋಳಿಗಳ ವಿಷಯ ಮಾತನಾಡಬೇಕೆಂದಿದ್ದೇನೆ. ನಗಬೇಡಿ. ಹಳ್ಳಿಯಿಂದ ಬಂದ ನಿಮ್ಮಲ್ಲಿ ಹಲವರ ಹಿತ್ತಿಲಲ್ಲಿ ನಾಲ್ಕಾರು ಕೋಳಿಗಳಿರುತ್ತವೆ. ಪಟ್ಟಣದವರೂ ಈಚೆಗೆ ತಾರಸಿಯ ಮೇಲೆ ಗೂಡು ಕಟ್ಟಿ ಎರಡು ಮೂರು ಸಾಕುವುದನ್ನು ಕಂಡಿದ್ದೇನೆ. ಹೀಗೆ ಸಾಕುವವರಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆಯೊಂದಿದೆ: ಇರುವ ಕೋಳಿಗಳ ಜೊತೆಗೆ ಹೊಸ ಕೋಳಿಗಳನ್ನು ಸೇರಿಸುವುದು ಹೇಗೆ? ಗೂಡಿನ ಬಾಗಿಲು ತೆರೆದು ಒಳಗೆ ಬಿಟ್ಟರಾಯಿತು ಎಂದು ನಾನೂ ಒಮ್ಮೆ ತಿಳಿದಿದ್ದೆ. ಅದರಿಂದ ಏನಾಯಿತೆಂಬುದನ್ನು ಮೊದಲು ಹೇಳಿಬಿಡುತ್ತೇನೆ.

1993ರ ಬೇಸಿಗೆ. ತುಮಕೂರು ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಹುಣಸೆ ಬಡಿಯುವ ಕಾಲ. ಎಂಟನೆಯ ತರಗತಿಯ ಪರೀಕ್ಷೆ ಮುಗಿಸಿದ್ದ ನಾನು ಹುಣಸೆಹಣ್ಣು ಆಯುವ ಕೂಲಿಗೆ ಹೋಗಿ ಸ್ವಲ್ಪ ಹಣ ಸಂಪಾದಿಸಿದ್ದೆ. ಅಮ್ಮನ ಬಳಿ ಒಂಬತ್ತು ಹ್ಯಾಟೆಗಳೂ ಒಂದು ಹುಂಜವೂ ಇದ್ದವು. ನನ್ನ ನೋಟುಪುಸ್ತಕ, ತಂಗಿಯ ರಿಬ್ಬನ್ನು, ದೀಪದ ಸೀಮೆಎಣ್ಣೆ ಎಲ್ಲವೂ ಆ ಮೊಟ್ಟೆಗಳ ಲೆಕ್ಕದಲ್ಲೇ ನಡೆಯುತ್ತಿದ್ದವು. ಎರಡು ಕೋಳಿ ಹೆಚ್ಚಾದರೆ ಅಮ್ಮನಿಗೆ ಅನುಕೂಲವೆಂದು ಎಣಿಸಿ, ಸಂತೆಯಲ್ಲಿ ಎರಡು ಹ್ಯಾಟೆಗಳನ್ನು ಕೊಂಡು, ಕಾಲು ಕಟ್ಟಿಸಿ, ತಲೆಕೆಳಗಾಗಿ ಹಿಡಿದುಕೊಂಡು ಮನೆಗೆ ತಂದೆ. ಅದೇ ಸಂಜೆ ಎಲ್ಲವನ್ನೂ ಒಂದೇ ಮಂಕರಿಯ ಕೆಳಗೆ ಕವುಚಿಹಾಕಿದೆವು.

ಐದಾರು ದಿನ ಏನೂ ಆಗಲಿಲ್ಲ. ಆಮೇಲೆ ಹೊಸ ಹ್ಯಾಟೆಗಳಲ್ಲೊಂದು ರೆಕ್ಕೆ ಜೋಲುಬಿಟ್ಟು ಮೂಲೆ ಸೇರಿತು. ಹಸಿರು ಬಣ್ಣದ ನೀರುಹಿಕ್ಕೆ ಹಾಕತೊಡಗಿತು. ಮರುದಿನ ಹಳೆಯ ಕೋಳಿಯೊಂದರ ಕತ್ತು ತಿರುಚಿಕೊಂಡಿತು. ಎರಡು ವಾರ ಕಳೆಯುವಷ್ಟರಲ್ಲಿ ಹನ್ನೆರಡರಲ್ಲಿ ಒಂದೇ ಒಂದು ಉಳಿಯಿತು. ಸತ್ತವನ್ನು ನಾವು ಊರ ಹೊರಗಿನ ಹಳ್ಳಕ್ಕೆ ಎಸೆದು ಬಂದೆವು. ಅದು ಇನ್ನೊಂದು ತಪ್ಪು. ನಾಯಿಗಳು ಅವನ್ನು ಎಳೆದಾಡಿದವು, ಪಕ್ಕದ ಮನೆಯವರ ಕೋಳಿಗಳೂ ಹೋದವು. ಆ ಮನೆಯ ಅಜ್ಜಿ ಅಮ್ಮನೊಡನೆ ಬಹಳ ದಿನ ಮಾತು ಬಿಟ್ಟಿದ್ದರು. ಅಮ್ಮ ನನ್ನನ್ನು ಬೈಯಲಿಲ್ಲ. ಮಂಕರಿಯನ್ನು ತೊಳೆದು ಗೋಡೆಗೆ ಆನಿಸಿಟ್ಟು, "ಹೊಸಾವು ಅಂತ ನೋಡ್ದೆ ಒಟ್ಗೆ ಬಿಟ್ಬಿಟ್ವಲ್ಲಪ್ಪ" ಎಂದಷ್ಟೇ ಅಂದರು.

ಆ ರೋಗ ರಾಣಿಖೇತ್ ಇದ್ದಿರಬೇಕೆಂದು ಪಶು ಆಸ್ಪತ್ರೆಯವರು ಲಕ್ಷಣಗಳನ್ನು ಕೇಳಿ ಹೇಳಿದರು. ನಮ್ಮ ಹಲವು ಕಡೆ ಇದನ್ನು ಕೊಕ್ಕರೆ ರೋಗವೆಂದೂ ಕರೆಯುತ್ತಾರೆ. ಹಿಮಾಲಯದ ತಪ್ಪಲಿನ, ಈಗ ಉತ್ತರಾಖಂಡಕ್ಕೆ ಸೇರಿದ ರಾಣಿಖೇತ್ ಎಂಬ ಊರಿನ ಹೆಸರು ಇದಕ್ಕೆ ಅಂಟಿಕೊಂಡಿದೆ. 1920ರ ದಶಕದ ಕೊನೆಯ ಭಾಗದಲ್ಲಿ ಅಲ್ಲಿ ಕಂಡ ರೋಗವೂ, ಹೆಚ್ಚು ಕಡಿಮೆ ಅದೇ ಕಾಲಕ್ಕೆ ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದ ಬಳಿ ಕಂಡ ರೋಗವೂ ಒಂದೇ. ಹಾಗಾಗಿ ನಿಮ್ಮ ಪಠ್ಯಪುಸ್ತಕದಲ್ಲಿ ನ್ಯೂಕಾಸಲ್ ರೋಗವೆಂದಿದ್ದರೆ ಅದು ಇದೇ ಎಂದು ತಿಳಿಯಿರಿ. ವೈರಸ್ಸಿನಿಂದ ಬರುವ ರೋಗವಾದ್ದರಿಂದ ಬಂದ ಮೇಲೆ ಔಷಧಿಯಿಲ್ಲ. ಬರುವ ಮುಂಚಿನ ಲಸಿಕೆಯೇ ಗತಿ. ಕೋಳಿಯ ಹಿಕ್ಕೆ, ಮೂಗಿನ ನೀರು, ಕುಡಿದ ಬಟ್ಟಲು, ಕೊನೆಗೆ ನಮ್ಮ ಚಪ್ಪಲಿಯ ಅಡಿಯಲ್ಲಿ ಮೆತ್ತಿದ ಕೆಸರು ಕೂಡ ಇದನ್ನು ಹೊತ್ತು ತರಬಲ್ಲದು.

ಇಲ್ಲಿ ನೀವು ಗಮನಿಸಬೇಕಾದ ಸಂಗತಿ ಆ ಐದಾರು ದಿನಗಳ ಮೌನ. ರೋಗಾಣು ದೇಹವನ್ನು ಹೊಕ್ಕ ದಿನಕ್ಕೂ ಲಕ್ಷಣ ಕಾಣುವ ದಿನಕ್ಕೂ ನಡುವೆ ಒಂದು ಅವಧಿ ಇರುತ್ತದೆ. ರಾಣಿಖೇತ್ ರೋಗದಲ್ಲಿ ಅದು ಸಾಮಾನ್ಯವಾಗಿ ಐದಾರು ದಿನ. ಕೆಲವೊಮ್ಮೆ ಎರಡೇ ದಿನ, ಕೆಲವೊಮ್ಮೆ ಎರಡು ವಾರವಾದರೂ ಆಗಬಹುದು. ಸಂತೆಯಲ್ಲಿ ನಾನು ಕೋಳಿಯ ಕಣ್ಣು, ಜುಟ್ಟು, ತೂಕ ಎಲ್ಲವನ್ನೂ ನೋಡಿಯೇ ಕೊಂಡಿದ್ದೆ. ಆದರೆ ಆ ದಿನ ನೋಡಿದರೆ ಕಾಣುವಂಥದೇನೂ ಅಲ್ಲಿರಲಿಲ್ಲ. ಅಷ್ಟೇ ಅಲ್ಲ, ಊರಿನಲ್ಲಿ ರೋಗ ಬಿದ್ದಾಗ ಉಳಿದವನ್ನಾದರೂ ಕಾಸು ಮಾಡಿಕೊಳ್ಳೋಣವೆಂದು ಜನ ಕೋಳಿಗಳನ್ನು ಸಂತೆಗೆ ತರುವುದುಂಟು. ಬಡತನದಲ್ಲಿ ಅದು ಸಹಜ. ನಾನು ಅವರನ್ನು ದೂರಲಾರೆ. ಕೊಳ್ಳುವವರು ಮಾತ್ರ ಇದನ್ನು ಮರೆಯಬಾರದು.

ಆದ್ದರಿಂದ ಹೊಸ ಕೋಳಿಗೆ ಮೊದಲು ಬೇಕಾದದ್ದು ಏಕಾಂತ. ಮೂರರಿಂದ ನಾಲ್ಕು ವಾರ ಅದು ಬೇರೆಯೇ ಇರಬೇಕು. ಹಳೆಯ ಕೋಳಿಗಳಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ. ಗೂಡಿನ ನಡುವೆ ಒಂದು ಹಲಗೆ ಅಡ್ಡ ಇಟ್ಟರೆ ಅದು ಬೇರೆ ಇಟ್ಟಂತಲ್ಲ, ಗಾಳಿಯೂ ಧೂಳೂ ಹಲಗೆಯನ್ನು ಕೇಳಿಕೊಂಡು ಓಡಾಡುವುದಿಲ್ಲ. ಕೊಟ್ಟಿಗೆಯ ಆಚೆ ಬದಿಯೋ, ಬಳಸದ ಸೌದೆಮನೆಯೋ ಆದೀತು. ನೀರಿನ ಬಟ್ಟಲು, ಕಾಳಿನ ತಟ್ಟೆ, ಕಸಬರಿಗೆ ಎಲ್ಲವೂ ಪ್ರತ್ಯೇಕ. ಬೆಳಿಗ್ಗೆ ಹಳೆಯ ಕೋಳಿಗಳ ಕೆಲಸ ಮೊದಲು ಮುಗಿಸಿ, ಆಮೇಲೆ ಹೊಸವುಗಳ ಬಳಿಗೆ ಹೋಗಬೇಕು, ಹಿಂದುಮುಂದಾಗಬಾರದು. ಬಂದ ಮೇಲೆ ಕೈಕಾಲು ಸೋಪಿನಲ್ಲಿ ತೊಳೆಯಬೇಕು. 2020ರಲ್ಲಿ ನಾವೆಲ್ಲರೂ ಮನೆಯೊಳಗೆ ಕುಳಿತು ಕಲಿತ ಪಾಠವೇ ಇದು.

ಈ ವಾರಗಳಲ್ಲಿ ಸುಮ್ಮನೆ ಕಾಯುವುದಲ್ಲ, ನೋಡುತ್ತಿರಬೇಕು. ಹಿಕ್ಕೆಯ ಬಣ್ಣ ಏನು? ಮೂಗಿನಲ್ಲಿ ನೀರು, ಕಣ್ಣಿನಲ್ಲಿ ನೊರೆ ಇದೆಯೇ? ರಾತ್ರಿ ಸದ್ದಡಗಿದ ಮೇಲೆ ಕಿವಿಗೊಟ್ಟರೆ ಉಸಿರಿನಲ್ಲಿ ಗೊರಗೊರ ಶಬ್ದ ಕೇಳುತ್ತದೆಯೇ? ಕೋಳಿಯನ್ನು ಎತ್ತಿ ಬಾಲದ ಕೆಳಗಿನ ಪುಕ್ಕ ಬಿಡಿಸಿ ನೋಡಿ. ಹೇನುಗಳು ಅಲ್ಲಿ ಓಡಾಡುತ್ತಿರುತ್ತವೆ. ಕಾಲಿನ ಹುರುಪೆಗಳು ಒಪ್ಪವಾಗಿ ಕೂತಿರದೆ ಮೇಲೆದ್ದು ಒರಟಾಗಿದ್ದರೆ ಒಳಗೆ ಉಣ್ಣಿಯಂಥ ಸಣ್ಣ ಹುಳು ಸೇರಿದೆ ಎಂದರ್ಥ. ಲಸಿಕೆ ಹಾಕಿಸಿರದಿದ್ದರೆ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಹಾಕಿಸುವುದಕ್ಕೂ ಇದೇ ಸಮಯ. ಒಂದು ಮಾತು ನೆನಪಿರಲಿ. ಲಸಿಕೆ ಪಡೆದ ಕೋಳಿ ತಾನು ಕಾಯಿಲೆ ಬೀಳದಿದ್ದರೂ ಒಮ್ಮೊಮ್ಮೆ ವೈರಸ್ಸನ್ನು ಹೊರಹಾಕುತ್ತಿರಬಹುದು. ಅನುಭವಿಗಳು ಇದಕ್ಕೊಂದು ಉಪಾಯ ಮಾಡುತ್ತಾರೆ. ಕೊನೆಯ ವಾರದಲ್ಲಿ ಹಳೆಯ ಕೋಳಿಗಳಲ್ಲೊಂದನ್ನು ತಂದು ಹೊಸವುಗಳ ಜೊತೆಗೆ ಬಿಡುತ್ತಾರೆ. ಅದು ಆರೋಗ್ಯವಾಗಿ ಉಳಿದರೆ ಉಳಿದವಕ್ಕೂ ಭಯ ಕಡಿಮೆ. ಬುದ್ಧಿಗೆ ಒಪ್ಪುವ ವಿಧಾನವೇ. ಆದರೆ ಯಾವ ಕೋಳಿಯನ್ನು ಬಲಿ ಕಳಿಸುವುದು ಎಂದು ಕೇಳಿದಾಗ ನಮ್ಮ ಅಮ್ಮ ಇದನ್ನು ಒಪ್ಪಲೇ ಇಲ್ಲ. ಅದಕ್ಕೆ ಬದಲಾಗಿ ಇನ್ನೊಂದು ವಾರ ಕಾಯುತ್ತೇನೆ ಎಂದರು.

ಎರಡು ವರ್ಷದ ನಂತರ, 1995ರಲ್ಲಿ, ಅಮ್ಮ ಮತ್ತೆ ಎಂಟು ಕೋಳಿಗಳ ಮಟ್ಟಕ್ಕೆ ಬಂದಿದ್ದರು. ಆಗ ಮೂರು ಹೊಸ ಎಳೆಯ ಹ್ಯಾಟೆಗಳು ಬಂದವು. ಈ ಸಲ ನಾನೇ ಕಾವಲುಗಾರ. ನಾಲ್ಕು ವಾರ ಸೌದೆಮನೆಯಲ್ಲಿಟ್ಟು, ಒಂದೊಂದು ದಿನವನ್ನೂ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚಿ ಎಣಿಸಿದೆ. ರೋಗವಿಲ್ಲವೆಂದು ಖಚಿತವಾದ ಬೆಳಿಗ್ಗೆ ಹೆಮ್ಮೆಯಿಂದ ಮೂರನ್ನೂ ತಂದು ಹಳೆಯ ಕೋಳಿಗಳ ನಡುವೆ ಬಿಟ್ಟೆ. ಹತ್ತು ನಿಮಿಷದಲ್ಲಿ ಒಂದರ ಜುಟ್ಟು ಹರಿದು ಮುಖವೆಲ್ಲ ರಕ್ತವಾಗಿತ್ತು. ಕೋಳಿಗಳಿಗೆ ಕೆಂಪು ಕಂಡರೆ ಕುಕ್ಕುವ ಚಪಲ ಹೆಚ್ಚು. ರಕ್ತ ಕಂಡೊಡನೆ ಅಲ್ಲಿಯವರೆಗೆ ಸುಮ್ಮನಿದ್ದವೂ ಮುಗಿಬಿದ್ದವು. ಆ ಹ್ಯಾಟೆಯನ್ನು ಎತ್ತಿಕೊಂಡು ಓಡಿಬಂದದ್ದು ಇಂದಿಗೂ ಕಣ್ಣಮುಂದಿದೆ.

ಇದಕ್ಕೆ ಕಾರಣವೇನೆಂಬುದು ನನಗೆ ತಿಳಿದದ್ದು ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದುವಾಗ. ನಾರ್ವೆ ದೇಶದಲ್ಲಿ ಥಾರ್ಲೀಫ್ ಷೆಲ್ಡೆರುಪ್ ಎಬ್ಬೆ ಎಂಬವರಿದ್ದರು, 1894ರಲ್ಲಿ ಹುಟ್ಟಿದವರು. ಅವರಿಗೆ ಬಾಲ್ಯದಿಂದಲೇ ಕೋಳಿಗಳ ಹುಚ್ಚು. ಯಾವ ಕೋಳಿ ಯಾವುದನ್ನು ಕುಕ್ಕಿತು ಎಂಬುದನ್ನು ಹುಡುಗನಾಗಿದ್ದಾಗಲೇ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ಲೆಕ್ಕವೇ ಬೆಳೆದು 1922ರಲ್ಲಿ ಜರ್ಮನ್ ಭಾಷೆಯ ವೈಜ್ಞಾನಿಕ ಲೇಖನವಾಗಿ ಪ್ರಕಟವಾಯಿತು. ಕೋಳಿಗಳು ಸಿಕ್ಕಿದ್ದನ್ನು ಸಿಕ್ಕಿದಂತೆ ಕುಕ್ಕುವುದಿಲ್ಲ, ಪ್ರತಿ ಎರಡು ಕೋಳಿಗಳ ನಡುವೆ ಯಾರು ಮೇಲು ಯಾರು ಕೆಳಗು ಎಂಬ ಇತ್ಯರ್ಥವಿರುತ್ತದೆ ಎಂದು ಅವರು ತೋರಿಸಿದರು. ಇದೇ 'ಕುಕ್ಕುವ ಕ್ರಮ'. ಮೇಲಿನದು ಬಂದರೆ ಕೆಳಗಿನದು ಕಾಳು ಬಿಟ್ಟು ಸರಿಯುತ್ತದೆ. ಒಮ್ಮೆ ಇತ್ಯರ್ಥವಾದ ಮೇಲೆ ಒಂದು ದೃಷ್ಟಿ ಸಾಕು, ಜಗಳ ಬೇಕಿಲ್ಲ. ನೋಡಲು ಕ್ರೂರವೆನಿಸಿದರೂ ದಿನನಿತ್ಯದ ಕಾದಾಟವನ್ನು ತಪ್ಪಿಸುವುದು ಈ ಏರ್ಪಾಡೇ. ಇದನ್ನು ಮನುಷ್ಯರ ಮೇಲು ಕೀಳುಗಳಿಗೆ ಸಮರ್ಥನೆಯಾಗಿ ಬಳಸುವವರನ್ನು ನಾನು ಕಂಡಿದ್ದೇನೆ. ಅವರು ಕೋಳಿಯನ್ನೂ ಸರಿಯಾಗಿ ನೋಡಿಲ್ಲ, ಮನುಷ್ಯರನ್ನೂ ನೋಡಿಲ್ಲ.

ಈಗ ಸ್ವಲ್ಪ ಗಣಿತ ಮಾಡೋಣ. ಎಂಟು ಕೋಳಿಗಳಿದ್ದರೆ ಎಷ್ಟು ಜೋಡಿಗಳಾಗುತ್ತವೆ? ಎಂಟನ್ನು ಏಳರಿಂದ ಗುಣಿಸಿ ಎರಡರಿಂದ ಭಾಗಿಸಿ. 28. ಅಂದರೆ 28 ಇತ್ಯರ್ಥಗಳು. ಮೂರು ಹೊಸ ಕೋಳಿ ಸೇರಿ ಹನ್ನೊಂದಾದರೆ 55 ಜೋಡಿಗಳು. ಹೊಸ ಮೂರರ ನಡುವಿನ 3 ಜೋಡಿಗಳು ಸೌದೆಮನೆಯಲ್ಲೇ ಇತ್ಯರ್ಥವಾಗಿದ್ದವು ಎಂದುಕೊಳ್ಳಿ. ಆದರೂ 24 ಹೊಸ ಪ್ರಶ್ನೆಗಳು ಉಳಿದವು. ನಾನು ಮಾಡಿದ ತಪ್ಪೆಂದರೆ ಆ 24 ಪ್ರಶ್ನೆಗಳನ್ನೂ ಒಂದೇ ಬೆಳಿಗ್ಗೆ, ಒಂದೇ ಅಂಗಳದಲ್ಲಿ, ಒಂದೇ ಕಾಳಿನ ತಟ್ಟೆಯ ಮುಂದೆ ಬಿಡಿಸಿಕೊಳ್ಳಿ ಎಂದು ಹೇಳಿದ್ದು.

ಕೋಳಿ ಕೋಳಿಯನ್ನು ಗುರುತಿಸುವುದು ಮುಖ್ಯವಾಗಿ ತಲೆಯಿಂದ, ಅದರಲ್ಲೂ ಜುಟ್ಟಿನ ಆಕಾರ ಬಣ್ಣಗಳಿಂದ. 1953ರಲ್ಲಿ ಅಮೆರಿಕದ ಗುಲ್ ಮತ್ತು ಆರ್ಟ್‌ಮನ್ ಎಂಬ ವಿಜ್ಞಾನಿಗಳು ಕೋಳಿಗಳ ರೂಪವನ್ನು ಬದಲಿಸಿ ನೋಡಿದ ಪ್ರಯೋಗಗಳನ್ನು ಪ್ರಕಟಿಸಿದರು. ತಲೆಯ ರೂಪ ಸಾಕಷ್ಟು ಬದಲಾದರೆ ನಿನ್ನೆಯ ಜೊತೆಗಾತಿಯೇ ಇಂದು ಅಪರಿಚಿತಳಾಗುತ್ತಾಳೆ. ಈ ನೆನಪಿಗೆ ಅವಧಿಯೂ ಇದೆ. ಎರಡು ಮೂರು ವಾರ ಬೇರೆಯಾಗಿದ್ದು ಮರಳಿ ಬಂದ ಕೋಳಿಯನ್ನು ಉಳಿದವು ಹೊಸಬಳಂತೆ ಎದುರಿಸುವುದುಂಟು. ಕಾವಿಗೆ ಕೂತ ಹ್ಯಾಟೆ 21 ದಿನ ಮುಗಿಸಿ ಮರಿಗಳೊಂದಿಗೆ ಹೊರಬಂದಾಗ ಒಂದೆರಡು ಚಕಮಕಿ ನಡೆಯುವುದನ್ನು ನಿಮ್ಮ ಮನೆಯಲ್ಲೂ ನೋಡಿರಬಹುದು. ಕಾಯಿಲೆಯೆಂದು ಒಂದು ಕೋಳಿಯನ್ನು ಬೇರೆಯಿಟ್ಟಿದ್ದರೂ ಅಷ್ಟೇ, ಮರಳಿ ಸೇರಿಸುವಾಗ ಅದನ್ನೂ ಹೊಸದೆಂದೇ ಎಣಿಸಿ.

ಹಾಗಾದರೆ ಮಾಡುವುದೇನು? ಮುಟ್ಟಲಾಗದಂತೆ, ಆದರೆ ಕಾಣುವಂತೆ ಇಡುವುದು. ರೋಗದ ಅವಧಿ ಮುಗಿದ ಮೇಲೆ ಹೊಸ ಕೋಳಿಗಳನ್ನು ಹಳೆಯವುಗಳ ಅಂಗಳದಲ್ಲೇ ತಂತಿಬಲೆಯ ಅಡ್ಡಕಟ್ಟಿನ ಆಚೆ ಒಂದು ವಾರದಿಂದ ಹತ್ತು ದಿನ ಇಡಿ. ಬಲೆ ಕೊಳ್ಳಲು ಹಣವಿಲ್ಲದಿದ್ದರೆ ಬಿದಿರಿನ ದೊಡ್ಡ ಪಂಜರವೇ ಸಾಕು. ಬಲೆಯ ಎರಡೂ ಬದಿಗೆ ಹತ್ತಿರ ಹತ್ತಿರವೇ ಕಾಳು ಹಾಕಿ. ಮೊದಲ ದಿನ ಹಳೆಯವು ಕತ್ತಿನ ಪುಕ್ಕ ನಿಗುರಿಸಿ ಬಲೆಯ ಮೇಲೆ ಎಗರುತ್ತವೆ. ಮೂರನೆಯ ದಿನ ಒಂದು ಕಣ್ಣಿನಿಂದ ಓರೆಯಾಗಿ ನೋಡಿ ಮುಂದೆ ಹೋಗುತ್ತವೆ. ಒಂದು ವಾರದಲ್ಲಿ ಬಲೆಯ ಎರಡೂ ಬದಿ ಒಟ್ಟಿಗೆ ಮೇಯತೊಡಗುತ್ತವೆ. ಬೇಸರದಿಂದ ಕೋಳಿಗಳು ಪರಸ್ಪರ ಮರೆತಂತೆ ಕಾಣುವ ಆ ದಿನಕ್ಕಾಗಿ ಕಾಯಬೇಕು.

ರಾತ್ರಿ ಕತ್ತಲಲ್ಲಿ ಹೊಸ ಕೋಳಿಯನ್ನು ಹಳೆಯವುಗಳ ಪಕ್ಕ ಕೂರಿಸಿದರೆ ಬೆಳಿಗ್ಗೆ ಎದ್ದಾಗ ಇದೂ ನಮ್ಮದೇ ಎಂದುಕೊಳ್ಳುತ್ತವೆ ಎಂದು ಹಿರಿಯರು ಹೇಳುವುದುಂಟು. ಅರ್ಧ ನಿಜ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ಕಡಿಮೆ, ಆದ್ದರಿಂದ ಆಗ ಜಗಳವಾಗುವುದಿಲ್ಲ. ಆದರೆ ಬೆಳಕು ಹರಿದ ಮೇಲೆ ಜುಟ್ಟು ಕಾಣುತ್ತದೆ, ಲೆಕ್ಕ ಶುರುವಾಗುತ್ತದೆ. ಬಲೆಯ ಹತ್ತು ದಿನ ಮುಗಿದ ಮೇಲೆ ಈ ಉಪಾಯ ಮಾಡಿ, ಬೆಳಗಾಗುವ ಮೊದಲೇ ಎದ್ದು ಗೂಡಿನ ಬಾಗಿಲು ತೆರೆದರೆ ಒಳ್ಳೆಯದೇ. ಬಲೆಗೆ ಬದಲಾಗಿ ಇದನ್ನೇ ನೆಚ್ಚಿಕೊಂಡರೆ, ಇಕ್ಕಟ್ಟಾದ ಗೂಡಿನೊಳಗೆ ಓಡಲು ಜಾಗವಿಲ್ಲದ ಹೊಸ ಕೋಳಿ ಸಿಕ್ಕಿಬೀಳುತ್ತದೆ.

ಬಿಡುವ ದಿನ ಅಂಗಳ ವಿಶಾಲವಾಗಿರಲಿ. ಕಾಳಿನ ತಟ್ಟೆ, ನೀರಿನ ಬಟ್ಟಲು ಎರಡು ಮೂರು ಕಡೆ ಇರಲಿ, ಒಂದರಿಂದ ಇನ್ನೊಂದು ಕಾಣದಂತೆ. ಮೂಲೆಗೆ ಒರಗಿಸಿದ ಹಳೆಯ ಬಾಗಿಲು, ಒಂದು ಸೌದೆಯ ಅಟ್ಟಿ ಇದ್ದರೆ ಅಟ್ಟಿಸಿಕೊಂಡು ಬಂದ ಕೋಳಿ ಅದರ ಹಿಂದೆ ಸರಿದು ಕಣ್ಮರೆಯಾಗಬಹುದು. ಕಣ್ಮರೆಯಾದರೆ ಸಾಕು, ಅಟ್ಟುವುದು ನಿಲ್ಲುತ್ತದೆ. ಒಂಟಿ ಕೋಳಿಯನ್ನು ಎಂದೂ ಸೇರಿಸಬೇಡಿ, ಕನಿಷ್ಠ ಎರಡಿರಲಿ, ಪೆಟ್ಟು ಹಂಚಿಹೋಗುತ್ತದೆ. ಎಳೆಯ ಮರಿಗಳನ್ನಂತೂ ದೊಡ್ಡವುಗಳ ಸರಿಸಮ ಗಾತ್ರಕ್ಕೆ ಬರುವವರೆಗೆ ತಡೆಯಿರಿ. ಅದಕ್ಕೆ ಮೂರು ನಾಲ್ಕು ತಿಂಗಳಾದರೂ ಬೇಕು. ಇನ್ನೊಂದು ಕಾರಣವೂ ಇದೆ. ಮೊಟ್ಟೆಯಿಡುವ ಕೋಳಿಗೆಂದು ಅಂಗಡಿಯಲ್ಲಿ ಮಾರುವ ಆಹಾರದಲ್ಲಿ ಚಿಪ್ಪಿಗಾಗಿ ಸುಣ್ಣದ ಅಂಶ ಹೆಚ್ಚಿರುತ್ತದೆ. ಬೆಳೆಯುವ ಮರಿಗಳು ಅದನ್ನೇ ತಿನ್ನುತ್ತಿದ್ದರೆ ಮೂತ್ರಪಿಂಡ ಕೆಡುತ್ತದೆ. ಎರಡೂ ವಯಸ್ಸಿನವು ಒಟ್ಟಿಗಿದ್ದಾಗ ಬೆಳೆಯುವ ಕೋಳಿಯ ಆಹಾರವನ್ನೇ ಎಲ್ಲಕ್ಕೂ ಕೊಟ್ಟು, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿಡುವುದು ವಾಸಿ. ಬೇಕಾದವು ತಿನ್ನುತ್ತವೆ.

ಸ್ವಲ್ಪ ಅಟ್ಟುವುದು, ಒಂದೆರಡು ಪುಕ್ಕ ಕೀಳುವುದು ನಡೆದೇ ನಡೆಯುತ್ತದೆ. ಪ್ರತಿ ಸಲವೂ ಕೋಲು ಹಿಡಿದು ನಡುವೆ ಹೋದರೆ ಇತ್ಯರ್ಥ ಮುಂದಕ್ಕೆ ಹೋಗುತ್ತದೆ, ಅಷ್ಟೇ. ರಕ್ತ ಕಂಡರೆ, ಅಥವಾ ಹೊಸ ಕೋಳಿ ಕಾಳು ನೀರಿನ ಬಳಿಗೇ ಬರಲಾಗದೆ ಮೂಲೆ ಹಿಡಿದರೆ ಮಾತ್ರ ಕೈಹಾಕಿ. ಆಗಲೂ ಪೆಟ್ಟು ತಿಂದದ್ದನ್ನು ಹೊರಗಿಡುವುದಕ್ಕಿಂತ ಪೆಟ್ಟು ಕೊಡುವುದನ್ನೇ ನಾಲ್ಕಾರು ದಿನ ಹೊರಗಿಟ್ಟು ನೋಡಿ. ಅದು ಮರಳುವಷ್ಟರಲ್ಲಿ ಉಳಿದವು ತಮ್ಮತಮ್ಮ ಸ್ಥಾನ ಸರಿಮಾಡಿಕೊಂಡಿರುತ್ತವೆ, ಅದರ ಜೋರು ಅಷ್ಟರಮಟ್ಟಿಗೆ ಇಳಿಯುತ್ತದೆ. ಗಾಯಗೊಂಡದ್ದು ಮಾತ್ರ ವಾಸಿಯಾಗುವವರೆಗೆ ಒಳಗೇ ಇರಲಿ. ಈ ದಿನಗಳಲ್ಲಿ ಮೊಟ್ಟೆ ಕಡಿಮೆಯಾದರೆ ಗಾಬರಿ ಬೇಡ.

ನಿಮ್ಮಲ್ಲಿ ಯಾರಿಗಾದರೂ ವಿಜ್ಞಾನ ಪ್ರದರ್ಶನಕ್ಕೆ ವಿಷಯ ಬೇಕಿದ್ದರೆ ಇದನ್ನು ಮಾಡಬಹುದು. ಉಪಕರಣವೇನೂ ಬೇಡ. ಪ್ರತಿ ಕೋಳಿಯ ಕಾಲಿಗೂ ಬೇರೆ ಬೇರೆ ಬಣ್ಣದ ದಾರವನ್ನು ಸಡಿಲವಾಗಿ ಕಟ್ಟಿ. ಚೌಕುಳಿ ಹಾಳೆಯಲ್ಲಿ ಅಡ್ಡಸಾಲಿಗೆ ಕುಕ್ಕಿದ್ದು ಯಾವುದು, ಉದ್ದಸಾಲಿಗೆ ಕುಕ್ಕಿಸಿಕೊಂಡದ್ದು ಯಾವುದು ಎಂದು ಬರೆದುಕೊಳ್ಳಿ. ಬೆಳಿಗ್ಗೆ ಕಾಳು ಹಾಕುವಾಗ ಅರ್ಧ ಗಂಟೆ, ಹದಿನೈದು ದಿನ. ಕೆಲವು ಕಡೆ ವಿಚಿತ್ರ ಕಾಣುತ್ತದೆ: ಕೆಂಪು ದಾರದ್ದು ಹಸಿರನ್ನು ಕುಕ್ಕುತ್ತದೆ, ಹಸಿರು ನೀಲಿಯನ್ನು, ನೀಲಿ ಮತ್ತೆ ಕೆಂಪನ್ನು. ತಪ್ಪು ಬರೆದಿರೆಂದು ಅಳಿಸಬೇಡಿ. ಷೆಲ್ಡೆರುಪ್ ಎಬ್ಬೆ ಅವರೂ ಇಂಥ ತ್ರಿಕೋನಗಳನ್ನು ಕಂಡಿದ್ದರು. ಹೊಸ ಕೋಳಿ ಬರುವ ಮುಂಚಿನ ಹಾಳೆಯನ್ನೂ ಬಂದ ನಂತರದ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಸಂಬಂಧ ಅಲುಗಾಡಿತು, ಯಾವುದು ಅಲುಗಲಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಒಂದು ಎಚ್ಚರಿಕೆಯ ಮಾತು ಉಳಿದಿದೆ. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ನಮ್ಮ ದೇಶದಲ್ಲಿ ಅದು ಮೊದಲ ಸಲ. ಆ ಮೇಲೆ ಬೇರೆ ಬೇರೆ ರಾಜ್ಯಗಳಲ್ಲಿ ಮತ್ತೆ ಮತ್ತೆ ಬಂದಿದೆ. ಒಮ್ಮೆಗೇ ಹಲವು ಕೋಳಿಗಳು ಸತ್ತರೆ ರಾಣಿಖೇತ್ ಇರಬಹುದು, ಅದೂ ಇರಬಹುದು. ಹಿತ್ತಿಲಲ್ಲಿ ನಿಂತು ನಿರ್ಧರಿಸಲಾಗದು. ಬರಿಗೈಯಲ್ಲಿ ಮುಟ್ಟದೆ, ಮಾರದೆ, ಅಡುಗೆಗೂ ಬಳಸದೆ ಹತ್ತಿರದ ಪಶು ಆಸ್ಪತ್ರೆಗೆ ಕೂಡಲೇ ತಿಳಿಸಿ. ಅವರು ಹೇಳಿದಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಹಳ್ಳಕ್ಕೆ ಎಸೆದರೆ ಏನಾಗುತ್ತದೆಂದು ಆಗಲೇ ಹೇಳಿದ್ದೇನೆ.

ಕೆಲವು ವರ್ಷಗಳ ಹಿಂದೆ ಇದೇ ವಿಷಯದ ಮೇಲೆ ಕಾರ್ಯಕ್ರಮವೊಂದನ್ನು ಚಿತ್ರೀಕರಿಸಲು ಒಂದು ಹಳ್ಳಿಗೆ ಹೋಗಿದ್ದೆವು. ಆ ಮನೆಯ ಹೆಣ್ಣುಮಗಳು ನಾಲ್ಕು ವಾರ ಏಕಾಂತ, ಹತ್ತು ದಿನ ಬಲೆ ಎಲ್ಲವನ್ನೂ ತಪ್ಪದೆ ಮಾಡಿದ್ದರು. ಬಲೆ ತೆಗೆಯುವ ಬೆಳಿಗ್ಗೆ ನಾವು ಕ್ಯಾಮೆರಾ ಹೂಡಿ ಕುಳಿತೆವು. ಬಲೆ ತೆಗೆದರು. ಹಳೆಯ ಹ್ಯಾಟೆಯೊಂದು ತಲೆಯೆತ್ತಿ ನೋಡಿತು, ಹೊಸದೊಂದು ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿತು, ಮತ್ತೆ ಎಲ್ಲವೂ ತಲೆತಗ್ಗಿಸಿ ರಾಗಿ ಹೆಕ್ಕತೊಡಗಿದವು. ಅರ್ಧ ಗಂಟೆ ಕಳೆಯಿತು. ಕ್ಯಾಮೆರಾ ಹಿಡಿದಿದ್ದ ನಮ್ಮ ಹುಡುಗ ಬೇಸತ್ತು ನನ್ನ ಕಡೆ ತಿರುಗಿದ.

"ಸರ್, ಇಲ್ಲಿ ಏನೂ ನಡೀತಾನೇ ಇಲ್ವಲ್ಲ?"

ನಿಲ್ಲಿಸಬೇಡ, ತೆಗೀತಾ ಇರು ಎಂದೆ.